ಊರಿನ ಋಣ

ಅಳುವ ಮಗುವನ್ನು ಸುಮ್ಮನಿರಿಸುವುದಕ್ಕೆ ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ಅಸ್ತ್ರಗಳು ಎರಡು. ಒಂದು ಗುಮ್ಮ, ಇನ್ನೊಂದು ಪೋಲೀಸಿನವನು. ಗುಮ್ಮನನ್ನು ಕಣ್ಣಾರೆ ಕಂಡವರು ಯಾರೂ ಇಲ್ಲವಾದುದರಿಂದ, ಮಗುವಿಗೆ ಬುದ್ಧಿ ತಿಳಿಯುತ್ತಲೇ ಆ ಭಯ ತಾನಾಗಿ ಕರಗಿಹೋಗುತ್ತದೆ. ಪೋಲೀಸಿನವನ ಸಂಗತಿ ಹಾಗಲ್ಲ. ಅವನು ಬೀದಿಯ ತಿರುವಿನಲ್ಲಿ ಖಾಕಿ ಉಡುಪು ಧರಿಸಿ ಪ್ರತ್ಯಕ್ಷನಾಗಿಯೇ ನಿಂತಿರುತ್ತಾನೆ. ಆದುದರಿಂದ ಆ ಭಯವೂ ಮಗುವಿನೊಡನೆ ಬೆಳೆಯುತ್ತದೆ. ಬೆಳೆದು, ‘ಪೋಲೀಸರ ಸ್ನೇಹವೂ ಬೇಡ, ದ್ವೇಷವೂ ಬೇಡ’ ಎಂಬ ಮಾತಾಗಿ ದೊಡ್ಡವರ ಬಾಯಲ್ಲಿ ನೆಲೆಗೊಳ್ಳುತ್ತದೆ. ಮನೆಯಲ್ಲಿ ಕಳವಾದರೂ, ಠಾಣೆಯ ಮೆಟ್ಟಿಲು ಹತ್ತುವುದಕ್ಕೆ ಮುಂಚೆ ಪರಿಚಿತ ವಕೀಲರೊಬ್ಬರನ್ನು ಹುಡುಕುವ ಗೃಹಸ್ಥರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ?

ಈ ಅಂತರ ಅನಾದಿಯಾದುದೇನೂ ಅಲ್ಲ. ನಮ್ಮ ಹಳ್ಳಿಗಳ ಹಳೆಯ ಏರ್ಪಾಡಿನಲ್ಲಿ ಹನ್ನೆರಡು ಮಂದಿ ಆಯಗಾರರಿರುತ್ತಿದ್ದರು. ಬಡಗಿ, ಕಮ್ಮಾರ, ಕುಂಬಾರ, ಅಗಸರೊಡನೆ ತಳವಾರನೂ ಅವರಲ್ಲಿ ಒಬ್ಬ. ಇರುಳು ಕಾವಲು ತಿರುಗುವುದು, ಹೊಸಬರು ಬಂದರೆ ವಿಚಾರಿಸುವುದು, ಕಳ್ಳನ ಹೆಜ್ಜೆಯ ಜಾಡು ಹಿಡಿಯುವುದು ಅವನ ಕೆಲಸ. ಸುಗ್ಗಿಯ ಕಾಲದಲ್ಲಿ ರೈತನ ಕಣದಿಂದ ಅಳೆದುಕೊಡುವ ಧಾನ್ಯವೇ ಅವನ ಸಂಬಳ. ಆ ಏರ್ಪಾಡನ್ನು ಇಂದು ಹಾಡಿ ಹೊಗಳಬೇಕಾಗಿಲ್ಲ. ಅದರಲ್ಲಿ ಜಾತಿಯ ಕಟ್ಟೂ ಇತ್ತು, ಬಿಟ್ಟಿ ಚಾಕರಿಯೂ ಇತ್ತು. ಆದರೆ ಒಂದು ಮಾತು ನಿಜ. ತಾನು ಕಾಯುವ ಊರಿನ ಅನ್ನವನ್ನೇ ತಾನು ಉಣ್ಣುತ್ತಿದ್ದೇನೆಂಬುದು ತಳವಾರನಿಗೆ ಪ್ರತಿದಿನವೂ ತಿಳಿದಿರುತ್ತಿತ್ತು. ಊರಿಗೂ ಅದು ತಿಳಿದಿರುತ್ತಿತ್ತು.

ತರುವಾಯ ಬಂದ ಬ್ರಿಟಿಷ್ ಆಡಳಿತ ಈ ಸಂಬಂಧವನ್ನು ಕಡಿಯಿತು. 1829ರಲ್ಲಿ ಲಂಡನ್ ನಗರಕ್ಕೆ ರಾಬರ್ಟ್ ಪೀಲ್ ರಚಿಸಿಕೊಟ್ಟ ಪೋಲೀಸ್ ದಳದವರನ್ನು ಅಲ್ಲಿನ ಜನ ಅವನ ಹೆಸರನ್ನೇ ಮುದ್ದಾಗಿ ಮೊಟಕುಗೊಳಿಸಿ ‘ಬಾಬಿ’ಗಳೆಂದು ಕರೆದರು. ಆದರೆ ಅದೇ ಸರ್ಕಾರ ನಮ್ಮ ದೇಶಕ್ಕೆ ಕೊಟ್ಟದ್ದು ಬೇರೆಯ ಮಾದರಿ. 1857ರ ದಂಗೆಯಿಂದ ಬೆದರಿದ್ದ ಆಳರಸರು 1861ರಲ್ಲಿ ಪೋಲೀಸ್ ಕಾಯಿದೆಯನ್ನು ಮಾಡಿದಾಗ, ಜನರನ್ನು ಕಾಯುವುದಕ್ಕಿಂತ ಜನರಿಂದ ಆಳ್ವಿಕೆಯನ್ನು ಕಾಯುವುದೇ ಅವರಿಗೆ ಮುಖ್ಯವಾಗಿತ್ತು. ಅಂಥ ಪೋಲೀಸಿನವನು ಊರಿನ ಮಗನಾಗಬೇಕಾಗಿರಲಿಲ್ಲ. ಊರಿಗೆ ಅಪರಿಚಿತನಾಗಿದ್ದಷ್ಟೂ ಒಳ್ಳೆಯದು. ಸ್ವಾತಂತ್ರ್ಯ ಬಂತು, ಕಾಯಿದೆಗಳೂ ಹೊಸದಾದವು. ನಮ್ಮ ರಾಜ್ಯದ ಪೋಲೀಸ್ ಕಾಯಿದೆ 1963ರದು. ಅದು ಜಾರಿಗೆ ಬಂದದ್ದು 1965ರ ಏಪ್ರಿಲ್ 2ರಂದು. ಆದರೆ ಕಾಯಿದೆ ಬದಲಾದಷ್ಟು ಬೇಗ ಮನಸ್ಸು ಬದಲಾಗುವುದಿಲ್ಲ. ಪೋಲೀಸಿನವನನ್ನು ಕಂಡಾಗ ನಮ್ಮ ಎದೆಯಲ್ಲಿ ಇಂದಿಗೂ ಅಳುಕುವುದು ಆ 1861ರ ನೆನಪೇ ಎಂದರೆ ತಪ್ಪಾಗಲಾರದು.

ಹೀಗಿರುವಾಗ, ಪೋಲೀಸಿನವರೇ ತಾವಾಗಿ ಮುಂದೆ ಬಂದು, ಕಾಯಿದೆ ಹೇಳದ ಕೆಲಸವೊಂದನ್ನು ಊರಿಗಾಗಿ ಮಾಡಿದರೆ ಅದು ಕೇವಲ ದಾನವಲ್ಲ. ಕಡಿದುಹೋದ ಸಂಬಂಧವೊಂದನ್ನು ಮತ್ತೆ ಬೆಸೆಯುವ ಕಾರ್ಯ.

2020ರ ವರ್ಷವನ್ನು ಯಾರು ಮರೆತಾರು? ಕೋವಿಡ್ ಸಾಂಕ್ರಾಮಿಕದಿಂದಾಗಿ ಆ ವರ್ಷದ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದವು. ನಮ್ಮಂಥವರ ಮನೆಗಳಲ್ಲಿ ಮಕ್ಕಳು ಮೊಬೈಲಿನ ಮುಂದೆ ಕುಳಿತು ಹೇಗೋ ಪಾಠ ಕೇಳಿದರು. ಆದರೆ ಬೆಂಗಳೂರಿನಲ್ಲಿ ಕಟ್ಟಡ ಕಟ್ಟಲು ದೂರದ ಜಿಲ್ಲೆಗಳಿಂದ ಬಂದು, ತಗಡಿನ ಶೆಡ್ಡುಗಳಲ್ಲಿ ಸಂಸಾರ ಹೂಡಿದ ಕೂಲಿಕಾರರ ಮಕ್ಕಳ ಗತಿಯೇನು? ಅವರ ಮನೆಯಲ್ಲಿ ಅಂಥ ಫೋನು ಇಲ್ಲ. ಇದ್ದರೂ ಅದು ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತದೆ. ಶಾಲೆಗೆ ಬಾರದ ಆ ಮಕ್ಕಳನ್ನು ಹುಡುಕುವುದಕ್ಕೆ ಶಾಲೆಯೇ ಇರಲಿಲ್ಲ.

ಅವರನ್ನು ಕಂಡವರು ಒಬ್ಬ ಪೋಲೀಸ್ ಅಧಿಕಾರಿ. ಅನ್ನಪೂರ್ಣೇಶ್ವರಿನಗರ ಠಾಣೆಯಲ್ಲಿ ಆಗ ಸಬ್‌ಇನ್‌ಸ್ಪೆಕ್ಟರ್ ಆಗಿದ್ದ ಶಾಂತಪ್ಪ ಜಡೆಮ್ಮನವರ್ ಅವರು, ಪ್ರತಿದಿನ ಬೆಳಗ್ಗೆ ಕರ್ತವ್ಯಕ್ಕೆ ಹಾಜರಾಗುವುದಕ್ಕೆ ಮುಂಚೆ, ನಾಗರಭಾವಿಯ ಬಳಿಯ ಕೂಲಿಕಾರರ ಬಿಡಾರಕ್ಕೆ ಹೋಗಿ ಸುಮಾರು ಮೂವತ್ತು ಮಕ್ಕಳಿಗೆ ಪಾಠ ಹೇಳಲು ತೊಡಗಿದರು. ಬಯಲೇ ಶಾಲೆ. ಗಣಿತ, ಸಾಮಾನ್ಯ ಜ್ಞಾನ, ಬಾಳಿನಲ್ಲಿ ನಡೆದುಕೊಳ್ಳಬೇಕಾದ ರೀತಿ — ಇವು ಪಾಠದ ವಿಷಯಗಳು. ಪಾಠ ಮುಗಿದೊಡನೆ ಗುರುಗಳು ಠಾಣೆಗೆ, ಶಿಷ್ಯರು ಬಿಡಾರಕ್ಕೆ. ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಅಂದಿನ ಶಿಕ್ಷಣ ಸಚಿವರೂ ಅವರನ್ನು ಮೆಚ್ಚಿಕೊಂಡರು.

ಇಷ್ಟೇ ಆಗಿದ್ದರೆ ಇದನ್ನು ಒಂದು ಒಳ್ಳೆಯ ಸುದ್ದಿಯೆಂದು ಓದಿ ಪುಟ ತಿರುವಬಹುದಾಗಿತ್ತು. ಆದರೆ ಇದರ ಹಿಂದೆ ಇನ್ನೊಂದು ಸಂಗತಿಯಿದೆ. ಪೋಲೀಸ್ ಕೆಲಸಕ್ಕೆ ಸೇರುವ ಮೊದಲು ಶಾಂತಪ್ಪನವರು ತಾವೂ ಕಟ್ಟಡದ ಕೂಲಿ ಮಾಡಿದವರು. ಆ ಶೆಡ್ಡಿನ ಒಳಗೆ ಏನಿರುತ್ತದೆ, ಏನಿರುವುದಿಲ್ಲ ಎಂಬುದನ್ನು ಅವರು ಯಾವ ವರದಿಯಿಂದಲೂ ತಿಳಿಯಬೇಕಾಗಿರಲಿಲ್ಲ. ಅವರು ಆ ಮಕ್ಕಳಿಗೆ ಮಾಡಿದ್ದು ಉಪಕಾರವೆನ್ನುವುದಕ್ಕಿಂತ ಋಣಸಂದಾಯವೆಂದರೆ ಹೆಚ್ಚು ಸರಿಯಾದೀತು.

ಇಲ್ಲಿ ಕನ್ನಡ ಮೇಷ್ಟರ ಒಂದು ಚಪಲವನ್ನು ಓದುಗರು ಕ್ಷಮಿಸಬೇಕು. ‘ಶಿಕ್ಷೆ’ ಎಂಬ ಮಾತಿಗೆ ಸಂಸ್ಕೃತದಲ್ಲಿ ಕಲಿಕೆ, ಬೋಧನೆ ಎಂಬುದೇ ಮೂಲಾರ್ಥ. ಕನ್ನಡಕ್ಕೆ ಬಂದು ನೆಲಸಿದ ಮೇಲೆ ಅದಕ್ಕೆ ದಂಡನೆ ಎಂಬ ಅರ್ಥವೇ ಬಲವಾಯಿತು. ಕಲಿಕೆಯ ಪಾಲಿಗೆ ‘ಶಿಕ್ಷಣ’ ಉಳಿಯಿತು. ಹೀಗೆ ಒಂದೇ ಧಾತುವಿನ ಎರಡು ಮಕ್ಕಳಲ್ಲಿ ಒಬ್ಬಳು ಠಾಣೆಗೆ ಸೊಸೆಯಾಗಿ ಹೋದಳು, ಇನ್ನೊಬ್ಬಳು ಶಾಲೆಗೆ. ನಾಗರಭಾವಿಯ ಬಯಲಿನಲ್ಲಿ ಆ ಅಕ್ಕತಂಗಿಯರು ಬಹುಕಾಲದ ಮೇಲೆ ಮತ್ತೆ ಭೇಟಿಯಾದರೆನ್ನಬಹುದು.

ಇಂಥ ಕೆಲಸಕ್ಕೆ ಪೋಲೀಸಿನವರೇ ಏಕೆ ಬೇಕು, ಬೇರೆಯವರಿಲ್ಲವೆ ಎಂದು ಕೇಳಬಹುದು. ಇದ್ದಾರೆ. ಆದರೆ ಗಸ್ತು ತಿರುಗುವವನು ಕಾಣುವುದನ್ನು ನಾವು ಕಾಣುವುದಿಲ್ಲ. ಯಾವ ಮುದುಕಿ ಒಂಟಿಯಾಗಿದ್ದಾಳೆ, ಯಾವ ಹುಡುಗ ರಾತ್ರಿ ಹನ್ನೊಂದಕ್ಕೂ ಮನೆ ಸೇರಿಲ್ಲ, ಯಾವ ಓಣಿಯಲ್ಲಿ ದೀಪವಿಲ್ಲ, ಯಾವ ಮನೆಯಲ್ಲಿ ಹೆಂಗಸಿನ ಅಳು ದಿನವೂ ಕೇಳುತ್ತದೆ — ಇವೆಲ್ಲ ಅವನ ಕಣ್ಣಿಗೆ, ಕಿವಿಗೆ ಬೀಳುತ್ತವೆ. ಹಾಗೆ ಬಿದ್ದುದನ್ನು ಅಪರಾಧದ ಪುಸ್ತಕದಲ್ಲಿ ಬರೆದಿಟ್ಟು ಕಾಯಬಹುದು. ಇಲ್ಲವೆ ಅಪರಾಧವಾಗುವುದಕ್ಕೆ ಮುಂಚೆಯೇ ಕೈ ನೀಡಬಹುದು.

ಈ ಎರಡು ದಾರಿಗಳ ವ್ಯತ್ಯಾಸಕ್ಕೆ ಹಳೆಯದೊಂದು ನಿದರ್ಶನ ನ್ಯೂಯಾರ್ಕ್ ನಗರದಲ್ಲಿ ಸಿಕ್ಕುತ್ತದೆ. ಕಳೆದ ಶತಮಾನದ ಆರಂಭದಲ್ಲಿ ಅಲ್ಲಿನ ಬಡವರ ಕೇರಿಗಳಲ್ಲಿ ಹುಡುಗರಿಗೆ ಆಟಕ್ಕೆ ಎಡೆಯಿರಲಿಲ್ಲ. ಬೀದಿಯಲ್ಲಿ ಚೆಂಡಾಡಿದರೆ ಪೋಲೀಸರು ಹಿಡಿದು ನ್ಯಾಯಾಲಯಕ್ಕೆ ಒಯ್ಯುತ್ತಿದ್ದರು. 1914ರಲ್ಲಿ ಪೋಲೀಸ್ ಕಮಿಷನರ್ ಆದ ಆರ್ಥರ್ ವುಡ್ಸ್ ಈ ಕ್ರಮವನ್ನೇ ತಿರುಗಿಸಿದನು. ಖಾಲಿ ನಿವೇಶನಗಳನ್ನು ಹುಡುಕಿ ಆಟಕ್ಕೆ ಒದಗಿಸುವಂತೆ ತನ್ನ ಅಧಿಕಾರಿಗಳಿಗೆ ಹೇಳಿದನು. ನಿವೇಶನ ಸಿಕ್ಕದ ಕಡೆ ಕೆಲವು ಬೀದಿಗಳನ್ನೇ ದಿನದ ಕೆಲವು ಗಂಟೆ ಬಂಡಿ ವಾಹನಗಳಿಗೆ ಮುಚ್ಚಿ ಮಕ್ಕಳಿಗೆ ಬಿಟ್ಟುಕೊಟ್ಟನು. ಆಟವಾಡಿದ್ದಕ್ಕೆ ಹಿಡಿಯುತ್ತಿದ್ದ ಕೈಯೇ ಆಟದ ಬಯಲಿಗೆ ಕಾವಲಾಯಿತು. ಆ ನಗರದ ‘ಪೋಲೀಸ್ ಅಥ್ಲೆಟಿಕ್ ಲೀಗ್’ ಎಂಬ ಸಂಸ್ಥೆ ತನ್ನ ಹುಟ್ಟನ್ನು ಎಣಿಸುವುದು ಆ ವರ್ಷದಿಂದಲೇ.

ನಮ್ಮ ದೇಶದ ರಾಜಧಾನಿಯಲ್ಲಿಯೂ ಇಂಥ ಒಬ್ಬರುಂಟು. ದೆಹಲಿ ಪೋಲೀಸಿನ ಹೆಡ್ ಕಾನ್‌ಸ್ಟೇಬಲ್ ಥಾನ್ ಸಿಂಗ್ ಎಂಬವರು ಕೆಂಪು ಕೋಟೆಯ ಆವರಣದಲ್ಲಿ ಚಿಂದಿ ಆಯುವವರ, ಕೂಲಿಗಳ ಮಕ್ಕಳಿಗಾಗಿ ಪಾಠಶಾಲೆಯೊಂದನ್ನು ತೆರೆದರು. ಮೊದಲು ಬಂದವರು ನಾಲ್ಕೇ ಮಕ್ಕಳು. ಅವರೂ ಬಡವರ ಗುಡಿಸಲು ಕೇರಿಯಲ್ಲಿ ಬೆಳೆದವರೇ ಎಂಬುದನ್ನು ಓದುಗರು ಗಮನಿಸಬೇಕು. ಬೆಂಗಳೂರಿನಲ್ಲಿಯೂ ದೆಹಲಿಯಲ್ಲಿಯೂ ಕೊಡಲು ಮುಂದಾದವರು ಕೊರತೆಯನ್ನು ಬಲ್ಲವರೇ.

ಮತ್ತು ಇವರಿಗೆ ಕೊಡುವುದಕ್ಕೆ ಏನು ಉಳಿದಿರುತ್ತದೆಂಬುದನ್ನೂ ನೋಡಬೇಕು. 2020ರ ಜನವರಿ 1ರ ಲೆಕ್ಕದಂತೆ ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಮಂಜೂರಾಗಿದ್ದ ಪೋಲೀಸರು ಸುಮಾರು 195. ವಾಸ್ತವವಾಗಿ ಇದ್ದವರು ಸುಮಾರು 156. ಉಳಿದವರ ಕೆಲಸವನ್ನು ಇದ್ದವರೇ ಹೊರಬೇಕು. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಪೋಲೀಸರನ್ನೇ ವಿಚಾರಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅವರು ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆಂದು ತಿಳಿಸಿತು. ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು, ಕಾನ್‌ಸ್ಟೇಬಲ್ಲರ ಮಗಳು, ಪ್ರಬಂಧದಲ್ಲಿ ಬರೆದಿದ್ದಳು: ಊರಿನವರ ಹಬ್ಬಕ್ಕೆ ಬಂದೋಬಸ್ತು ಮಾಡುವ ತನ್ನ ತಂದೆ ಮನೆಯ ಹಬ್ಬದ ಊಟಕ್ಕೆ ಕುಳಿತದ್ದನ್ನು ತಾನು ಕಂಡದ್ದೇ ಅಪರೂಪವೆಂದು. ಅಂಥ ದಿನದ ಹದಿನೈದನೆಯ ಗಂಟೆಯನ್ನು ಯಾರಾದರೂ ಪರರ ಮಕ್ಕಳಿಗೆ ಕೊಟ್ಟರೆ ಆ ಕೊಡುಗೆಯ ಬೆಲೆಯನ್ನು ರೂಪಾಯಿಯಲ್ಲಿ ಹೇಳಲಾಗದು.

ಹಾಗೆಂದ ಮಾತ್ರಕ್ಕೆ ಖಾಕಿ ತೊಟ್ಟವರ ಔದಾರ್ಯವೆಲ್ಲವೂ ಒಂದೇ ತೂಕದ್ದೆಂದು ಭ್ರಮಿಸಬಾರದು. ಅಧಿಕಾರವುಳ್ಳವನು ದಾನಕ್ಕೆ ನಿಂತಾಗ ಒಂದು ಅಪಾಯ ಬೆನ್ನ ಹಿಂದೆಯೇ ಇರುತ್ತದೆ. ಕ್ರೀಡಾಕೂಟಕ್ಕೆಂದೋ ಬಡಮಕ್ಕಳ ಪುಸ್ತಕಕ್ಕೆಂದೋ ಠಾಣೆಯಿಂದ ಮಾತು ಬಂದರೆ, ‘ಇಲ್ಲ’ ಎನ್ನುವ ಧೈರ್ಯ ಪೇಟೆಯ ಯಾವ ಅಂಗಡಿಯವನಿಗಿದೆ? ಅಲ್ಲಿ ನಡೆಯುವುದು ‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’. ಶಾಂತಪ್ಪನವರು ಕೊಟ್ಟದ್ದು ತಮ್ಮ ಬೆಳಗಿನ ಹೊತ್ತನ್ನು. ತನ್ನದನ್ನು ಕೊಡುವುದೇ ಕೊಡುಗೆ. ಹೆದರಿಕೆಯ ಬಲದಿಂದ ಹೆರವರದನ್ನು ಕೊಡಿಸುವುದು ಕೊಡುಗೆಯಲ್ಲ.

ಇನ್ನೊಂದು ಮಾತು ಇದಕ್ಕಿಂತಲೂ ಮುಖ್ಯವಾದದ್ದು. ಬೆಳಗ್ಗೆ ಮಕ್ಕಳಿಗೆ ಮಿಠಾಯಿ ಹಂಚಿದ ಠಾಣೆಯಲ್ಲಿ ಸಂಜೆ ಆ ಮಕ್ಕಳ ತಾಯಿಯ ದೂರನ್ನು ಬರೆದುಕೊಳ್ಳದಿದ್ದರೆ, ಆ ಮಿಠಾಯಿ ಕಹಿಯಾಗುತ್ತದೆ. ನ್ಯಾಯವೇ ಅಸಲು, ಉಪಕಾರ ಬಡ್ಡಿ. ಅಸಲನ್ನು ಕೊಡದೆ ಬಡ್ಡಿಯನ್ನಷ್ಟೇ ಎಣಿಸಿದರೆ ಸಾಲ ತೀರುವುದಿಲ್ಲ. ಊರಿನವರು ಪೋಲೀಸರಿಂದ ಮೊದಲು ಬಯಸುವುದು ಪಾಠವನ್ನಲ್ಲ, ಪುಸ್ತಕವನ್ನಲ್ಲ. ಬಡವನೂ ಬಲ್ಲಿದನೂ ಠಾಣೆಯಲ್ಲಿ ಒಂದೇ ಬಗೆಯ ಕುರ್ಚಿಯಲ್ಲಿ ಕುಳಿತು ತನ್ನ ಕಷ್ಟ ಹೇಳಿಕೊಳ್ಳುವಂತಾಗುವುದನ್ನು. ಅದು ನಡೆಯುವ ಠಾಣೆಯಿಂದ ಬಂದ ಕೊಡುಗೆ ಮಾತ್ರ ಜನರ ಮನಸ್ಸನ್ನು ಮುಟ್ಟುತ್ತದೆ.

ಮೂರನೆಯದು ವರ್ಗಾವಣೆಯ ಪ್ರಶ್ನೆ. ಒಬ್ಬ ಸಜ್ಜನ ಅಧಿಕಾರಿ ಬಂದು ದೀಪ ಹಚ್ಚುತ್ತಾನೆ. ಎರಡು ವರ್ಷಕ್ಕೆ ಅವನಿಗೆ ಬೇರೆ ಊರಿನ ಆಜ್ಞೆ ಬರುತ್ತದೆ. ದೀಪದ ಎಣ್ಣೆ ಅಲ್ಲಿಗೆ ಮುಗಿಯುತ್ತದೆ. ಇದಕ್ಕೆ ನೆರೆಯ ಕೇರಳ ಒಂದು ಉತ್ತರವನ್ನು ಕಂಡುಕೊಂಡಿತು. 2010ರಲ್ಲಿ ಅಲ್ಲಿನ ಗೃಹ ಇಲಾಖೆಯೂ ಶಿಕ್ಷಣ ಇಲಾಖೆಯೂ ಕೈಜೋಡಿಸಿ 127 ಶಾಲೆಗಳಲ್ಲಿ ವಿದ್ಯಾರ್ಥಿ ಪೋಲೀಸ್ ಕೆಡೆಟ್ ಯೋಜನೆಯನ್ನು ಆರಂಭಿಸಿದವು. ಶಾಲೆಯ ಉಪಾಧ್ಯಾಯರಿಗೇ ತರಬೇತಿ ಕೊಟ್ಟು, ಠಾಣೆಯ ಸಿಬ್ಬಂದಿಯೊಡನೆ ಕೂಡಿ ಹುಡುಗ ಹುಡುಗಿಯರಿಗೆ ಕವಾಯತು, ಕಾನೂನಿನ ತಿಳಿವಳಿಕೆ, ಸಮಾಜಸೇವೆಗಳನ್ನು ಕಲಿಸುವ ಏರ್ಪಾಡು ಅದು. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಅದನ್ನು ದೇಶಕ್ಕೆಲ್ಲ ವಿಸ್ತರಿಸುವ ಯೋಜನೆಗೆ ಚಾಲನೆ ಕೊಟ್ಟಿತು. ಅಧಿಕಾರಿ ಹೋದರೂ ಶಾಲೆ ಉಳಿಯುತ್ತದೆ; ಒಬ್ಬನ ಒಳ್ಳೆಯತನಕ್ಕೆ ಹೀಗೊಂದು ಮನೆ ಕಟ್ಟಿಕೊಡುವುದು ಸರ್ಕಾರದ ಹೊಣೆ.

ಅದಿರಲಿ, ನಮ್ಮ ಹೊಣೆ ಯಾವುದು? ಪ್ರತಿ ವರ್ಷ ಏಪ್ರಿಲ್ 2ರಂದು ನಮ್ಮ ರಾಜ್ಯದಲ್ಲಿ ಪೋಲೀಸ್ ಧ್ವಜ ದಿನಾಚರಣೆ ನಡೆಯುತ್ತದೆ. ಅಂದು ಧ್ವಜಗಳ ಮಾರಾಟದಿಂದ ಬಂದ ಹಣ ಪೋಲೀಸರ, ನಿವೃತ್ತರಾದವರ ಕ್ಷೇಮಕ್ಕೆ ಸಲ್ಲುತ್ತದೆ. ಆ ಪುಟ್ಟ ಧ್ವಜವನ್ನು ಕೊಳ್ಳೋಣ. ಆದರೆ ಅಷ್ಟಕ್ಕೇ ನಿಲ್ಲುವುದು ಬೇಡ. ನಮ್ಮ ಬೀದಿಯ ಗಸ್ತಿನವನ, ಗಸ್ತಿನವಳ ಹೆಸರನ್ನು ಕೇಳಿ ತಿಳಿದುಕೊಳ್ಳೋಣ. ಅಂಥವರಲ್ಲಿ ಒಬ್ಬರು ಕೂಲಿಕಾರರ ಮಕ್ಕಳನ್ನು ಕೂಡಿಸಿಕೊಂಡು ಪಾಠಕ್ಕೆ ಕುಳಿತರೆ, ಫೋಟೋ ತೆಗೆದು ಮುಂದೆ ಸಾಗುವ ಬದಲು, ಒಂದು ಜಗಲಿಯನ್ನೋ, ಒಂದು ಕಪ್ಪುಹಲಗೆಯನ್ನೋ, ವಾರಕ್ಕೊಂದು ಗಂಟೆಯ ನಮ್ಮ ಹೊತ್ತನ್ನೋ ಅವರ ಜೊತೆಗೆ ಕೊಡೋಣ. ನಾವು ವಾಸಿಸುವ ಮನೆಗಳನ್ನು ಕಟ್ಟಿದವರು ಆ ಮಕ್ಕಳ ತಂದೆತಾಯಿಗಳು. ಊರಿನ ಋಣ ಖಾಕಿ ತೊಟ್ಟವರೊಬ್ಬರ ಮೇಲೆಯೇ ಇಲ್ಲ.