ಸಮ್ಮೇಳನವನ್ನು ನಾವೇ ನಡೆಸೋಣ

ತಂತ್ರಜ್ಞಾನ ಸಮ್ಮೇಳನವನ್ನು ಇಲಾಖೆಯವರೋ ಕಂಪನಿಯವರೋ ನಡೆಸಬೇಕು, ನಾವು ಕೇಳಿ ಬರಬೇಕು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಹೋಗಬೇಕು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬಳಸುವವರು 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ತಮ್ಮ ಮೊದಲ ರಾಷ್ಟ್ರೀಯ ಸಮ್ಮೇಳನವನ್ನು ಸ್ವಯಂಸೇವಕರಾಗಿ ತಾವೇ ನಡೆಸಿದರು. ಬಳಸಿದವರೇ ಮಾತನಾಡುವುದು ಇಂಥ ಕೂಟದ ತಿರುಳು.

ಹನಿ ನೀರಾವರಿ ಕುರಿತು ನಮ್ಮ ಹೋಬಳಿಯಲ್ಲೂ ಹೀಗೆ ಮಾಡಬಹುದು. ಗಡಸು ನೀರಿನಿಂದ ಸುಣ್ಣ ಕಟ್ಟಿ ಮುಚ್ಚಿಹೋದ ಡ್ರಿಪ್ಪರ್‌ಗಳ ಗೋಳು ಅನುಭವಿಸಿದ ರೈತನಿಗೇ ಗೊತ್ತು. ಮಾರಾಟಗಾರರು ಮಳಿಗೆ ಹಾಕಲಿ, ವೇದಿಕೆ ಮಾತ್ರ ರೈತರದಾಗಿರಲಿ. ಹಣ ಕೊಟ್ಟವರಿಗೇ ಭಾಷಣ ಬಿಟ್ಟುಕೊಟ್ಟರೆ ಸೋತ ಪ್ರಯೋಗದ ಮಾತು ಹೊರಬರುವುದಿಲ್ಲ. ಅದು ತಿಳಿಯದೆ ಸಾಲ ಮಾಡಿದವನು ನಷ್ಟ ಹೊರಬೇಕಾಗುತ್ತದೆ.

ಮೊದಲ ಸಲ ಕೈಹಾಕುವವರು ಎಲ್ಲವನ್ನೂ ಒಬ್ಬರೇ ಹೊರಬೇಡಿ. ನೋಂದಣಿ, ಊಟ, ಲೆಕ್ಕ, ವೇಳೆ ನೋಡಿಕೊಳ್ಳುವುದು, ಇವನ್ನು ಹಂಚಿಕೊಳ್ಳಿ. ಬಿತ್ತನೆ, ಕೊಯ್ಲುಗಳಿಲ್ಲದ ದಿನ ಆರಿಸಿ. ರೈತ ಮಹಿಳೆಯರನ್ನೂ ಮಾತನಾಡಲು ಕರೆಯಿರಿ. ಮಾತಿಗೆ 20 ನಿಮಿಷವಾದರೆ ಪ್ರಶ್ನೆಗೂ ಅಷ್ಟೇ ಕೊಡಿ. ಕೊನೆಗೆ ಖರ್ಚಿನ ಲೆಕ್ಕವನ್ನು ಸಭೆಯಲ್ಲೇ ಓದಿ ಹೇಳಿ. ಆಗ ಮುಂದಿನ ವರ್ಷ ಕರೆಯದೆಯೇ ಜನ ಕೈಜೋಡಿಸುತ್ತಾರೆ.