ಎಲ್ಲವನ್ನೂ ಉಷ್ಣವೆನ್ನುವ ನಾವು

ನಮ್ಮ ಮನೆಗಳಲ್ಲಿ ಉರಿಮೂತ್ರಕ್ಕೆ ಒಂದೇ ಕಾರಣ: ಉಷ್ಣ. ಮದ್ದೂ ಸಿದ್ಧವಾಗಿಯೇ ಇದೆ: ಎಳನೀರು, ಬಾರ್ಲಿ ನೀರು, ಜೀರಿಗೆ ಕಷಾಯ. ಮೂತ್ರದಲ್ಲಿ ರಕ್ತ ಕಂಡರೂ ಅದೇ ಮಾತು. ನೋವಿಲ್ಲದೆ ರಕ್ತ ಹೋಗಿ ಮರುದಿನ ನಿಂತುಬಿಟ್ಟರಂತೂ ದೇವರು ದೊಡ್ಡವನೆಂದು ಸುಮ್ಮನಾಗುತ್ತೇವೆ. ಈ ಸುಮ್ಮನಿರುವಿಕೆಯೇ ನಮ್ಮ ಶತ್ರು. ನೋವಿಲ್ಲದೆ ಹೋಗುವ ರಕ್ತವೇ ಮೂತ್ರಕೋಶದ ಕ್ಯಾನ್ಸರಿನ ಮುಖ್ಯ ಸೂಚನೆ. ಅದು ತಾನಾಗಿ ನಿಂತ ಮಾತ್ರಕ್ಕೆ ರೋಗ ಹೋಯಿತೆಂದಲ್ಲ.

ಈ ರೋಗದಲ್ಲಿ ವೇಷ ಮರೆಸಿಕೊಂಡು ಬರುವ ಒಂದು ಬಗೆಯೂ ಉಂಟು. ಗರ್ಭದಲ್ಲಿರುವ ಶಿಶುವಿನ ಮೂತ್ರಕೋಶಕ್ಕೂ ಹೊಕ್ಕುಳಿಗೂ ನಡುವೆ ಯುರೇಕಸ್ ಎಂಬ ನಾಳವಿರುತ್ತದೆ. ಮುಂದೆ ಅದು ಮುಚ್ಚಿಕೊಂಡು ಬರಿಯ ನಾರಿನಂತೆ ಉಳಿಯುತ್ತದೆ. ಬಹಳ ಅಪರೂಪಕ್ಕೆ, ಬೆಳೆದವರಲ್ಲಿ, ಅಲ್ಲಿಯೇ ಕ್ಯಾನ್ಸರ್ ಹುಟ್ಟುತ್ತದೆ. ಮೂತ್ರಕೋಶದ ಕ್ಯಾನ್ಸರುಗಳಲ್ಲಿ ಇದರ ಪಾಲು ಶೇಕಡಾ 1ಕ್ಕೂ ಕಡಿಮೆ. ಮೂತ್ರಕೋಶದ ಒಳಮೈಗೆ ತಲುಪುವವರೆಗೆ ರಕ್ತ ಕಾಣಿಸದಿರಬಹುದು. ಹೊಕ್ಕುಳಿನ ಕೆಳಗಣ ಗಡ್ಡೆಯನ್ನು ಕೀವಿನ ಬಾವೆಂದೋ, ಹೆಂಗಸರಲ್ಲಿ ಅಂಡಾಶಯದ ಗಡ್ಡೆಯೆಂದೋ ಭಾವಿಸುವುದುಂಟು. ಸೂಕ್ಷ್ಮದರ್ಶಕದ ಕೆಳಗೂ ಅದು ದೊಡ್ಡಕರುಳಿನ ಕ್ಯಾನ್ಸರನ್ನು ಹೋಲುತ್ತದೆ. ಮೂತ್ರದಲ್ಲಿ ಲೋಳೆ ಕಂಡರೆ ಅದೊಂದು ಸುಳಿವು. ನಿಜ ತಿಳಿಯಲು ಸಿ.ಟಿ. ಸ್ಕ್ಯಾನ್, ಸಿಸ್ಟೋಸ್ಕೋಪಿ, ಬಯಾಪ್ಸಿ ಬೇಕು. ಕರುಳಿನ ಪರೀಕ್ಷೆಯೂ ಬೇಕಾಗಬಹುದು.

ವೈದ್ಯರ ತಪ್ಪಿಲ್ಲವೆ? ಇದೆ. ಯೂರಿನ್ ಕಲ್ಚರ್ ಮಾಡಿಸದೆ ಒಂದರ ಮೇಲೊಂದು ಆಂಟಿಬಯೋಟಿಕ್ ಬರೆದುಕೊಡುವವರನ್ನು ನಾವು ಪ್ರಶ್ನಿಸಲೇಬೇಕು. ಆದರೆ ಔಷಧಿ ಅಂಗಡಿಯವನನ್ನೇ ವೈದ್ಯನನ್ನಾಗಿ ಮಾಡಿದವರು ಯಾರು? ನಾವೇ. ಊರು ಬಿಟ್ಟು ಬಂದ ನಮ್ಮ ತಾಯಂದಿರು ಇಂಥ ನಾಚಿಕೆಯ ಮಾತನ್ನು ಕನ್ನಡದಲ್ಲಿಯೇ ಆಡಲಾರರು. ಇನ್ನು ಹರಕುಮುರುಕು ಹಿಂದಿಯಲ್ಲಿ ಏನು ಹೇಳಿಯಾರು? 'ಹೊಟ್ಟೆನೋವು' ಎಂದು ಮುಗಿಸಿಬಿಡುತ್ತಾರೆ. ವೈದ್ಯರು ಹೊಟ್ಟೆನೋವಿಗೆ ಮದ್ದು ಕೊಡುತ್ತಾರೆ.

ರಾಜ್ಯೋತ್ಸವಕ್ಕೆ ಪೆಂಡಾಲು ಹಾಕಲು ನಮಗೆ ಜನರಿದ್ದಾರೆ. ಪರಭಾಷೆಯ ಆಸ್ಪತ್ರೆಗೆ ಒಬ್ಬ ಅಜ್ಜಿಯ ಜತೆ ಹೋಗಿ, ಆಕೆಯ ಮಾತನ್ನು ಇದ್ದದ್ದು ಇದ್ದಂತೆ ತಿಳಿಸಲು ಜನರಿಲ್ಲವೆ? ಕನ್ನಡದ ಸೇವೆಯೆಂದರೆ ಇದೂ ಹೌದು.

ಬಂಧುಗಳೇ, ಮೂತ್ರದಲ್ಲಿ ರಕ್ತ ಒಮ್ಮೆ ಕಂಡರೂ ಸಾಕು, ಮೂತ್ರರೋಗ ತಜ್ಞರಲ್ಲಿಗೆ ಹೋಗೋಣ. ಮದ್ದು ಮುಗಿದ ಮೇಲೂ ಬಾಧೆ ಉಳಿದರೆ "ಮತ್ತೇನಿರಬಹುದು?" ಎಂದು ಕೇಳೋಣ. ಗಡ್ಡೆ ಹರಡುವ ಮುನ್ನ ಸಿಕ್ಕರೆ, ಹೊಕ್ಕುಳು ಹಾಗೂ ಮೂತ್ರಕೋಶದ ಒಂದು ಭಾಗದೊಂದಿಗೆ ಅದನ್ನು ತೆಗೆದುಹಾಕಲು ಸಾಧ್ಯವಿದೆ. ನಾಚಿಕೆಗಾಗಿ ಜೀವ ತೆರುವುದು ಬೇಡ.