ದೋಣಿಯ ತಂತಿಗೆ ಯಾರ ನಿಯಮ?

ಹನ್ನೆರಡು ವೋಲ್ಟ್ ಮುಟ್ಟಿದರೆ ಏನೂ ಆಗುವುದಿಲ್ಲ ಎಂಬ ಮಾತು ಕರಾವಳಿಯ ದಕ್ಕೆಗಳಲ್ಲಿ ಎಲ್ಲರಿಗೂ ಗೊತ್ತು. ಮಾತು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಮುಟ್ಟಿದವನಿಗೆ ಏನೂ ಮಾಡದ ಅದೇ ಬ್ಯಾಟರಿಯ ಎರಡು ತುದಿಗಳು ತಂತಿಯ ಮೂಲಕ ನೇರ ಸೇರಿಕೊಂಡರೆ ನೂರಾರು ಆಂಪಿಯರ್ ಹರಿಯುತ್ತದೆ. ತೆಳು ತಂತಿಯಾದರೆ ಕೆಲವೇ ಕ್ಷಣಗಳಲ್ಲಿ ಕೆಂಪಗೆ ಕಾಯುತ್ತದೆ. ಪಕ್ಕದಲ್ಲಿ ಸೀಮೆಎಣ್ಣೆಯ ಕ್ಯಾನು, ಪೆಟ್ರೋಲಿನ ಆವಿ, ಸುತ್ತ ಉರಿಯಬಲ್ಲ ಫೈಬರ್. ಇಳಿದು ಓಡಲು ನೆಲವಿಲ್ಲ.

ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ನಾಡದೋಣಿಯೊಳಗೆ ಇಣುಕಿದರೆ ದೀಪ, ಜಿಪಿಎಸ್, ವಯರ್‌ಲೆಸ್, ನೀರೆತ್ತುವ ಪಂಪು, ಹೀಗೆ ಒಂದೇ ಬ್ಯಾಟರಿಯಿಂದ ಹಲವು ತಂತಿಗಳು ಹೊರಟಿರುವುದು ಕಾಣಬಹುದು. ಇವನ್ನು ಎಳೆಯುವ ಕೆಲಸ ಸಾಮಾನ್ಯವಾಗಿ ಲಾರಿ, ರಿಕ್ಷಾಗಳ ವೈರಿಂಗ್ ಬಲ್ಲ ಮಿಸ್ತ್ರಿಯದು. ಅಂತರರಾಷ್ಟ್ರೀಯ ಮಾನದಂಡಗಳನ್ನು ಇಲ್ಲಿಗೂ ತರಬೇಕೇ ಅಥವಾ ಮಿಸ್ತ್ರಿಯ ಅನುಭವ ಸಾಕೇ?

ಮಾನದಂಡಗಳಲ್ಲಿ ಎರಡು ಮುಖ್ಯ. ಒಂದು, 1954ರಲ್ಲಿ ಶುರುವಾದ ಅಮೆರಿಕನ್ ಬೋಟ್ ಆ್ಯಂಡ್ ಯಾಟ್ ಕೌನ್ಸಿಲ್‌ನ ಇ-11. ಇನ್ನೊಂದು ಐಎಸ್‌ಒ 13297. ಇ-11 ಹೇಳುವುದರ ಸಾರ ಇಷ್ಟು: ತಂತಿ ಹಲವು ಎಳೆಗಳದ್ದಾಗಿರಬೇಕು, ಒಂಟಿ ಎಳೆಯದು ಸಲ್ಲದು. ಎಂಜಿನ್ ಸ್ಟಾರ್ಟ್ ಮಾಡುವ ದಪ್ಪ ಕೇಬಲ್ ಬಿಟ್ಟರೆ, ಬ್ಯಾಟರಿಯಿಂದ ಹೊರಟ ತಂತಿಗೆ ಏಳು ಇಂಚಿನೊಳಗೆ ಫ್ಯೂಸ್ ಬೇಕು. ತಂತಿ ಕೊಳವೆಯೊಳಗಿದ್ದರೆ ಕೊಂಚ ರಿಯಾಯಿತಿ. ಸಂಚಾರ ದೀಪದಂಥ ಮುಖ್ಯ ಸಾಧನಗಳಿಗೆ ಹೋಗುವ ದಾರಿಯಲ್ಲಿ ಶೇ 3ಕ್ಕಿಂತ ಹೆಚ್ಚು ವೋಲ್ಟೇಜ್ ಸೋರಬಾರದು.

ಇದಕ್ಕೆ ಮಿಸ್ತ್ರಿಯ ಕಡೆಯಿಂದ ಬರುವ ಆಕ್ಷೇಪ ಹಗುರವಾದದ್ದಲ್ಲ. ಈ ನಿಯಮಗಳು ಹುಟ್ಟಿದ್ದು ವಿಹಾರದ ದೋಣಿಗಳಿಗಾಗಿ, ಮೀನಿನ ದೋಣಿಗಳಿಗಾಗಿ ಅಲ್ಲ. ಲೆಕ್ಕವೂ ಅವನ ಪರವಾಗಿ ಮಾತಾಡುತ್ತದೆ. ಬ್ಯಾಟರಿಯಿಂದ ಹತ್ತು ಮೀಟರ್ ದೂರದಲ್ಲಿ 60 ವಾಟಿನ ಹಳೆಯ ಬಲ್ಬು ಇದ್ದರೆ 5 ಆಂಪಿಯರ್ ಬೇಕು. ಒಂದೂವರೆ ಸ್ಕ್ವೇರ್ (ಚದರ ಮಿಲಿಮೀಟರ್) ತಂತಿಯಲ್ಲಿ ಹೋಗಿ ಬರುವಷ್ಟರಲ್ಲಿ ಸುಮಾರು 1.2 ವೋಲ್ಟ್, ಅಂದರೆ ಹತ್ತರಲ್ಲಿ ಒಂದು ಪಾಲು ಸೋರುತ್ತದೆ. ಶೇ 3ರ ನಿಯಮ ಪಾಲಿಸಲು 6 ಸ್ಕ್ವೇರ್ ತಂತಿ ಎಳೆಯಬೇಕು. ಅದೇ ಜಾಗಕ್ಕೆ 12 ವಾಟಿನ ಎಲ್‌ಇಡಿ ಹಾಕಿದರೆ ಒಂದೂವರೆ ಸ್ಕ್ವೇರ್‌ನಲ್ಲೇ ಸೋರಿಕೆ ಶೇ 2ಕ್ಕೆ ಇಳಿಯುತ್ತದೆ. ದುಬಾರಿ ತಂತಿಯ ಕೆಲಸವನ್ನು ಬಲ್ಬೇ ಮಾಡಿಬಿಟ್ಟಿತು. ಬೇರೆ ಊರಿನ ಪುಸ್ತಕ ನೋಡಿ ದೋಣಿಯವನ ಜೇಬಿಗೆ ಕೈಹಾಕುವ ಮೊದಲು ಈ ಲೆಕ್ಕ ಮಾಡಬೇಕು.

ಕಲಾಯಿ ಹಾಕಿದ ತಾಮ್ರದ ತಂತಿಯ ವಿಷಯದಲ್ಲಿ ಎರಡೂ ಕಡೆಯವರು ತಪ್ಪುವುದುಂಟು. ಅದು ಕಡ್ಡಾಯವೆಂದು ಹಲವರು ತಿಳಿದಿದ್ದಾರೆ. ಇ-11 ಅದನ್ನು ಕಡ್ಡಾಯ ಮಾಡಿಲ್ಲ. ಹಾಗೆಂದು ಅದು ಬರೀ ಶೋಕಿಯೂ ಅಲ್ಲ. ಬರಿ ತಾಮ್ರದ ಎಳೆಗಳ ನಡುವೆ ಉಪ್ಪುನೀರು ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಏರುತ್ತದೆ. ಹೊರಗಿನ ಪ್ಲಾಸ್ಟಿಕ್ ಹೊಸದರಂತೆ ಹೊಳೆಯುತ್ತಿರುವಾಗಲೇ ಒಳಗೆ ಕಿಲುಬು ಹಬ್ಬಿರುತ್ತದೆ. ಕಿಲುಬು ಹಿಡಿದ ಜೋಡಣೆ ಕಾಯುತ್ತದೆ. ಆದರೆ ಹರಿವ ವಿದ್ಯುತ್ತು ಹೆಚ್ಚಾಗುವುದಿಲ್ಲವಾದ್ದರಿಂದ ಫ್ಯೂಸ್ ಹಾರುವುದಿಲ್ಲ. ಫ್ಯೂಸ್ ಇದ್ದರೆ ಎಲ್ಲ ಮುಗಿಯಿತು ಎನ್ನುವವರು ಗಮನಿಸಬೇಕಾದ ಮಾತಿದು.

ಜೋಡಣೆಯ ಜಗಳವೂ ಹಳೆಯದು. ಬೆಸುಗೆಯೊಂದನ್ನೇ ನಂಬಬೇಡಿ ಎನ್ನುತ್ತದೆ ಮಾನದಂಡ. ಬೆಸುಗೆ ಇಳಿದಷ್ಟು ದೂರ ತಂತಿ ಸೆಟೆದುಕೊಳ್ಳುತ್ತದೆ, ಎಂಜಿನ್ ನಡುಗುತ್ತ ನಡುಗುತ್ತ ಆ ಅಂಚಿನಲ್ಲೇ ಎಳೆಗಳು ತುಂಡಾಗುತ್ತವೆ. ಮಿಸ್ತ್ರಿಯ ಮರುಮಾತು: ಸರಿಯಾದ ಕ್ರಿಂಪಿಂಗ್ ಉಪಕರಣವಿಲ್ಲದೆ ಇಕ್ಕಳದಲ್ಲಿ ಒತ್ತಿದ ಲಗ್ಗಿಗಿಂತ ಒಳ್ಳೆಯ ಬೆಸುಗೆ ಮೇಲು. ಇದನ್ನು ತಳ್ಳಿಹಾಕಲಾಗದು. ಕ್ರಿಂಪ್ ಮಾಡಿ ಎಂದು ಬರೆಯುವುದು ಸುಲಭ. ಉಪಕರಣವೂ ತರಬೇತಿಯೂ ದಕ್ಕೆಗೆ ಬಾರದಿದ್ದರೆ ಆ ನಿಯಮ ಕಾಗದದಲ್ಲೇ ಉಳಿಯುತ್ತದೆ.

ವಾದಕ್ಕೆ ಎಡೆಯೇ ಇಲ್ಲದ ಸಂಗತಿಗಳೂ ಇವೆ. ಫ್ಯೂಸ್ ಕಾಯುವುದು ಸಾಧನವನ್ನಲ್ಲ, ತಂತಿಯನ್ನು. ಜಿಪಿಎಸ್ ಪಕ್ಕದಲ್ಲಿ ಫ್ಯೂಸ್ ಇಟ್ಟರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ಉದ್ದಕ್ಕೂ ತಂತಿಗೆ ಕಾವಲಿಲ್ಲ. ಅದನ್ನೇ ಬ್ಯಾಟರಿಯ ಬುಡಕ್ಕೆ ತರಲು ಹೆಚ್ಚು ಖರ್ಚಿಲ್ಲ. ಬ್ಯಾಟರಿ ಅಲೆಗೆ ಅಲುಗದಂತೆ ಬಿಗಿದಿರಬೇಕು, ತುದಿಗಳಿಗೆ ಮುಚ್ಚಳವಿರಬೇಕು. ಇನ್ನು ಜನರೇಟರೋ ಇನ್ವರ್ಟರೋ ಇಟ್ಟು 230 ವೋಲ್ಟ್ ಏರಿಸಿದ ದೋಣಿಗೆ ಹನ್ನೆರಡು ವೋಲ್ಟಿನ ಸಮಾಧಾನ ಹೊಂದುವುದೇ ಇಲ್ಲ. ಒದ್ದೆ ಕಾಲಿನವನಿಗೆ ಅದು ಪ್ರಾಣಾಂತಿಕ. ಅಲ್ಲಿ ಸೋರಿಕೆ ಕಂಡೊಡನೆ ಕಡಿತಗೊಳಿಸುವ ಆರ್‌ಸಿಸಿಬಿ, ಅದಕ್ಕೆ ತಕ್ಕ ಅರ್ಥಿಂಗ್, ಬಲ್ಲವರ ಕೈಕೆಲಸ ಮೂರೂ ಬೇಕು.

ಹಾಗಾಗಿ ನನ್ನ ತಕ್ಕಡಿ ಇಡೀ ಪುಸ್ತಕದ ಕಡೆಗೂ ವಾಲುವುದಿಲ್ಲ, ಬರಿ ರೂಢಿಯ ಕಡೆಗೂ ವಾಲುವುದಿಲ್ಲ. ಬೆಂಕಿ ಮತ್ತು ಶಾಕ್ ತಡೆಯುವ ಕೆಲವೇ ನಿಯಮಗಳು ಎಲ್ಲರಿಗೂ ಕಡ್ಡಾಯವಾಗಲಿ. ತಂತಿಯ ದರ್ಜೆಯನ್ನು ದೋಣಿಯವರೇ ಆರಿಸಿಕೊಳ್ಳಲಿ, ಆದರೆ ಅಗ್ಗದ್ದನ್ನು ಆರಿಸಿದವರು ವರ್ಷಕ್ಕೊಮ್ಮೆ ಜೋಡಣೆಗಳನ್ನು ಬಿಚ್ಚಿ, ಕಿಲುಬು ಹತ್ತಿದ ತುದಿ ಕತ್ತರಿಸಿ ಹೊಸದಾಗಿ ಕಟ್ಟುವ ಶಿಸ್ತನ್ನೂ ಒಪ್ಪಿಕೊಳ್ಳಬೇಕು. ಜೂನ್, ಜುಲೈ ನಿಷೇಧದ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಆ ಬಿಡುವನ್ನು ಹೇಗೂ ಕೊಡುತ್ತವೆ. ಮಳೆಗಾಲದಲ್ಲೂ ಕಡಲಿಗಿಳಿಯುವ ನಾಡದೋಣಿಗಳು ಈ ಕೆಲಸವನ್ನು ಮಳೆಗೂ ಮುಂಚೆಯೇ ಮುಗಿಸಿಕೊಳ್ಳಬೇಕು. ಬಲೆಯ ಹರಿದ ಕಣ್ಣನ್ನು ಹುಡುಕಿ ಹುಡುಕಿ ಹೊಲಿಯುವ ಕೈಗಳಿಗೆ ಈ ಶಿಸ್ತು ಹೊಸದೇನಲ್ಲ.